‘ಪ್ರಕಾಶಕ’ ಅಂದ್ರೆ ಯಾರು? ಬೆಳಕಿಗೆ ತಂದವರ ಹೆಸರು, ವಿಳಾಸ

ನಾನು ಚನ್ನಪಟ್ಟಣದಿಂದ ಮಾತಾಡ್ತಾ ಇದ್ದೀನಿ. ಓದಿದ್ದು ಬಿ.ಕಾಂ. ಹಾಗಾಗಿ ಯಾವ ಕೆಲಸದ ಬಗ್ಗೆ ಕೇಳಿದರೂ ನನಗೆ ಮೊದಲು ಹೊಳೆಯೋ ಪ್ರಶ್ನೆ ಒಂದೇ: ಇದಕ್ಕೆ ದುಡ್ಡು ಹಾಕಿದವರು ಯಾರು, ಎಡವಟ್ಟಾದರೆ ಯಾರ ತಲೆ ಮೇಲೆ ಬರುತ್ತೆ? ಇವತ್ತಿನ ಪದಕ್ಕೆ ಈ ಪ್ರಶ್ನೆ ಚೆನ್ನಾಗಿ ಹೊಂದುತ್ತೆ. ಆ ಪದ ‘ಪ್ರಕಾಶಕ’.

ಕನಕಪುರದ ಕೇಳುಗರೊಬ್ಬರು ಕಳೆದ ಸಂಚಿಕೆ ಆದಮೇಲೆ ಬರೆದಿದ್ದರು: “ಪುಸ್ತಕಕ್ಕೆ ಪ್ರಕಾಶಕರು ಇರ್ತಾರೆ, ಪತ್ರಿಕೆಗೆ ಪ್ರಕಾಶಕರು ಇರ್ತಾರೆ. ನಿಮ್ಮ ಪಾಡ್‌ಕಾಸ್ಟ್‌ಗೆ ಯಾರು?” ‘ನಾನೇ’ ಅಂತ ಒಂದೇ ಪದದಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಆ ‘ನಾನೇ’ ಅನ್ನೋದಕ್ಕೆ ಅರ್ಥ ಏನು ಅಂತ ಹುಡುಕಿಕೊಂಡು ಹೊರಟರೆ ಸಾವಿರ ವರ್ಷ ಹಿಂದಕ್ಕೂ ಹೋಗಬೇಕು, ನಮ್ಮ ಹಾರೋಹಳ್ಳಿಗೂ ಹೋಗಬೇಕು. ಬನ್ನಿ.

ಬೆಳಕಿನ ಪದ

ಮೊದಲು ಪದವನ್ನೇ ಬಿಡಿಸಿ ನೋಡೋಣ. ಸಂಸ್ಕೃತದಲ್ಲಿ ‘ಕಾಶ್’ ಅಂದರೆ ಹೊಳೆಯುವುದು, ಕಾಣಿಸುವುದು. ಅದಕ್ಕೆ ‘ಪ್ರ’ ಸೇರಿದರೆ ಪ್ರಕಾಶ. ಅಂದರೆ ಬೆಳಕು. ಅದಕ್ಕೆ ಇನ್ನೊಂದು ಅರ್ಥವೂ ಇದೆ: ಮುಚ್ಚುಮರೆ ಇಲ್ಲದ್ದು, ಬಹಿರಂಗವಾದದ್ದು. ಹಾಗೆ ನೋಡಿದರೆ ಪ್ರಕಾಶಕ ಅಂದರೆ ಬೆಳಗುವವನು, ಕಾಣದೇ ಇದ್ದದ್ದನ್ನು ಕಾಣುವ ಹಾಗೆ ಮಾಡುವವನು. ಪುಸ್ತಕಕ್ಕೂ ಅಂಗಡಿಗೂ ಸಂಬಂಧ ಬರೋದಕ್ಕೆ ಎಷ್ಟೋ ಮೊದಲೇ ಈ ಪದ ಇತ್ತು.

ಇವತ್ತಿಗೂ ಕನ್ನಡದಲ್ಲಿ ಪುಸ್ತಕ ‘ಬೆಳಕು ಕಂಡಿತು’ ಅಂತೀವಿ. ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದ ಹಸ್ತಪ್ರತಿಯನ್ನು ‘ಬೆಳಕಿಗೆ ತಂದರು’ ಅಂತೀವಿ. 1860ರ ದಶಕದಲ್ಲಿ ಮೈಸೂರಿನಿಂದ ಬರುತ್ತಿದ್ದ ಒಂದು ಪತ್ರಿಕೆಯ ಹೆಸರೇ ‘ಕರ್ಣಾಟಕ ಪ್ರಕಾಶಿಕಾ’. ಅಲ್ಲೂ ಅದೇ ಬೆಳಕು.

ಎಲ್ಲಾ ಭಾಷೆಯವರೂ ಹೀಗೇ ಯೋಚನೆ ಮಾಡಿಲ್ಲ. ಇಂಗ್ಲಿಷಿನ ‘ಪಬ್ಲಿಷರ್’ ಲ್ಯಾಟಿನ್ ಮೂಲದ್ದು, ಸಾರ್ವಜನಿಕ ಮಾಡುವವನು ಅಂತ. ತಮಿಳಿನ ‘ಪದಿಪ್ಪಾಳರ್’ ಒತ್ತುವುದು, ಅಚ್ಚೊತ್ತುವುದು ಅನ್ನೋ ಅರ್ಥದಿಂದ ಬಂದದ್ದು. ತೆಲುಗಿನವರು ‘ಪ್ರಚುರಣ’ ಅಂತಾರೆ, ಹರಡುವುದು. ನನ್ನಂಥ ಕಾಮರ್ಸ್‌ನವರಿಗೆ ಖುಷಿ ಕೊಡೋದು ಜರ್ಮನ್ ಪದ. ಅಲ್ಲಿ ಪ್ರಕಾಶಕನಿಗೆ ‘ಫರ್ಲೇಗರ್’ ಅಂತಾರೆ. ಅದರ ಮೂಲದಲ್ಲಿ ಇರೋದು ಮುಂಗಡವಾಗಿ ದುಡ್ಡು ಹಾಕುವವನು ಅನ್ನೋ ಅರ್ಥ. ಎಷ್ಟು ನೇರ ನೋಡಿ! ಕಾಗದಕ್ಕೆ, ಕೂಲಿಗೆ ಮೊದಲೇ ಬಂಡವಾಳ ಹಾಕಿ, ಪುಸ್ತಕ ಮಾರಾಟ ಆಗದಿದ್ದರೆ ನಷ್ಟ ಹೊತ್ತುಕೊಳ್ಳುವವನು.

ಕನ್ನಡದ ಪದದಲ್ಲಿ ದುಡ್ಡಿನ ಮಾತೇ ಇಲ್ಲ, ಬೆಳಕು ಮಾತ್ರ ಇದೆ. ಆದರೆ ಬೆಳಕು ಹಿಡಿದವನ ಮುಖವೂ ಆ ಬೆಳಕಲ್ಲಿ ಕಾಣುತ್ತೆ, ಅಲ್ವಾ? ಇವತ್ತಿನ ಸಂಚಿಕೆ ಇರೋದು ಈ ಒಂದು ಮಾತಿನ ಸುತ್ತ.

ಮುದ್ರಕ ಬೇರೆ, ಪ್ರಕಾಶಕ ಬೇರೆ

ಪುಸ್ತಕದ ಮೊದಲ ಪುಟಗಳಲ್ಲಿ ಎರಡು ಹೆಸರು ಹತ್ತಿರ ಹತ್ತಿರ ಇರುತ್ತವೆ: ಮುದ್ರಕರು, ಪ್ರಕಾಶಕರು. ನಾವು ಎರಡನ್ನೂ ಒಂದೇ ಅಂದ್ಕೊಂಡು ಪುಟ ತಿರುಗಿಸ್ತೀವಿ. ಆದರೆ ಪದಗಳ ಹುಟ್ಟು ನೋಡಿದರೆ ಇವು ಎದುರುಬದುರು ನಿಂತಿವೆ.

‘ಮುದ್ರೆ’ ಅಂದರೆ ಠಸ್ಸೆ. ಮೇಣದ ಮೇಲೋ ಮಣ್ಣಿನ ಮೇಲೋ ಒತ್ತಿ ಮುಚ್ಚುವ ಗುರುತು. ‘ಮುದ್ರಿಕೆ’ ಅಂದರೆ ಮುದ್ರೆಯುಂಗುರ. ಹನುಮಂತ ಸೀತೆಗೆ ಕೊಟ್ಟನಲ್ಲ, ಆ ಉಂಗುರವೂ ಗುರುತಿನದೇ. ವಚನಕಾರರ ಅಂಕಿತಕ್ಕೂ ವಚನಮುದ್ರಿಕೆ ಅನ್ನೋ ಹೆಸರಿದೆ. ಅಂದರೆ ಮುದ್ರೆ ಬಿತ್ತು ಅಂದರೆ ಆ ವಿಷಯ ಮುಗೀತು, ಇನ್ನು ತಿದ್ದೋ ಹಾಗಿಲ್ಲ. ಹಾಗೂ ತಪ್ಪು ಉಳಿದುಬಿಟ್ಟರೆ ನಮ್ಮ ಸಂಪಾದಕರು ‘ಮುದ್ರಾರಾಕ್ಷಸನ ಕಾಟ’ ಅಂತ ವಿಶಾಖದತ್ತನ ಹಳೇ ಸಂಸ್ಕೃತ ನಾಟಕದ ಹೆಸರು ಎಳೆದು ತಂದು ನಗ್ತಾರೆ.

ಮುದ್ರಣ ಮುಚ್ಚಿ ಭದ್ರ ಮಾಡುತ್ತೆ, ಪ್ರಕಾಶನ ತೆರೆದು ತೋರಿಸುತ್ತೆ. ಅಚ್ಚಾದ ಪುಸ್ತಕ ಗೋದಾಮಿನಲ್ಲೇ ಕೂತಿದ್ದರೆ ಮುದ್ರಣ ಆಗಿದೆ, ಪ್ರಕಾಶನ ಆಗಿಲ್ಲ.

ಹಾಗಾದರೆ ಅಚ್ಚೇ ಇಲ್ಲದ ಕಾಲದಲ್ಲಿ ಪ್ರಕಾಶಕರು ಇರಲಿಲ್ವಾ? ಇದ್ದರು. ಹತ್ತನೇ ಶತಮಾನದ ಅತ್ತಿಮಬ್ಬೆಯನ್ನು ನೆನಪು ಮಾಡ್ಕೊಳ್ಳಿ. ಚಾಲುಕ್ಯರ ಕಾಲದ ದಾನಚಿಂತಾಮಣಿ, ರನ್ನನಿಗೆ ಆಶ್ರಯ ಕೊಟ್ಟವಳು. ಪೊನ್ನನ ‘ಶಾಂತಿಪುರಾಣ’ ನಶಿಸಿ ಹೋಗಬಾರದು ಅಂತ ಅದರ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಸಿ ಹಂಚಿದಳು ಅಂತ ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತೆ. ಲೆಕ್ಕ ಹಾಕಿ: ಪ್ರತಿಯೊಂದು ಗರಿ ಹದ ಮಾಡಬೇಕು, ಕಂಠದಿಂದ ಒಂದೊಂದೇ ಅಕ್ಷರ ಕೊರೆಯಬೇಕು, ಕೊರೆದ ಅಕ್ಷರಕ್ಕೆ ಮಸಿ ತುಂಬಬೇಕು. ಅಂಥ ಸಾವಿರ ಪ್ರತಿ! ಬರೆದವನು ಪೊನ್ನ, ಪ್ರತಿ ಮಾಡಿದವರು ಲಿಪಿಕಾರರು. ಅತ್ತಿಮಬ್ಬೆ ಮಾಡಿದ್ದು ಮೂರನೇ ಕೆಲಸ. ಖರ್ಚು ಹಾಕಿದಳು, ಹಂಚಿದಳು. ಲೇಖಕನ ಜೊತೆಗೆ ಅವಳ ಹೆಸರೂ ಉಳಿಯಿತು. ಜರ್ಮನ್ನರ ಅರ್ಥದಲ್ಲೂ ನಮ್ಮ ಅರ್ಥದಲ್ಲೂ ಅವಳು ಪ್ರಕಾಶಕಿಯೇ.

ಇನ್ನು ಹಳ್ಳಿಗಳಲ್ಲಿ? ನಮ್ಮ ಅಜ್ಜಿ ಮಾಗಡಿ ಕಡೆಯವರು. ಅವರ ಕಾಲಕ್ಕೆ ಸುದ್ದಿ ಪ್ರಕಟ ಆಗ್ತಿದ್ದದ್ದು ತಮಟೆಯಲ್ಲಿ. ಕಂದಾಯ ಕಟ್ಟೋದಿರಲಿ, ಜಾತ್ರೆ ಇರಲಿ, ಕೆರೆ ತೂಬು ಎತ್ತೋದಿರಲಿ, ತಮಟೆ ಬಡಿದು ಬೀದಿ ಬೀದಿಯಲ್ಲಿ ಸಾರುತ್ತಿದ್ದರು. ಅಜ್ಜಿ ಹೇಳೋ ಒಂದು ವಿಷಯ ನನಗೆ ಮುಖ್ಯ ಅನ್ನಿಸಿದೆ. ಸಾರುವವನು ಯಾರು ಅಂತ ಊರಿಗೆಲ್ಲ ಗೊತ್ತು. ಯಾರ ಪರವಾಗಿ ಸಾರುತ್ತಿದ್ದಾನೆ ಅಂತಾನೂ ಅವನೇ ಹೇಳಬೇಕು. “ಯಾರು ಹೇಳಿದ್ದಪ್ಪಾ?” ಅಂತ ಜಗಲಿ ಮೇಲಿಂದ ಯಾರು ಬೇಕಾದರೂ ಕೇಳಬಹುದಿತ್ತು.

ಹೆಸರು ಕಡ್ಡಾಯ ಆದದ್ದು

ಅಚ್ಚು ಬಂದಮೇಲೆ ಈ ಪ್ರಶ್ನೆ ಕಷ್ಟ ಆಯ್ತು. ಕಾಗದ ಊರಿಂದೂರಿಗೆ ಹೋಗುತ್ತೆ, ಅದನ್ನು ತಂದವನ ಮುಖ ಕಾಣಲ್ಲ.

ಕನ್ನಡಕ್ಕೆ ಅಚ್ಚು ಬಂದದ್ದು ಮಿಷನರಿಗಳ ಕೈಯಿಂದ. 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯ್ತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ. ಜುಲೈ 1ನ್ನು ನಾವು ಪತ್ರಿಕಾ ದಿನ ಅಂತ ಆಚರಿಸೋದು ಅದಕ್ಕೇ. ಅದು ಕಲ್ಲಚ್ಚಿನಲ್ಲಿ ಬರುತ್ತಿದ್ದ ಪತ್ರಿಕೆ. ರಾಮನಗರದವರಿಗೆ ಕಲ್ಲು ಅಂದ ತಕ್ಷಣ ನಮ್ಮ ಬೆಟ್ಟದ ಬಂಡೆ ನೆನಪಾಗಬಹುದು. ಇದು ಆ ಕಲ್ಲಲ್ಲ, ನುಣುಪಾದ ಸುಣ್ಣದಕಲ್ಲು. ಅದರ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ನೀರಲ್ಲಿ ತೋಯಿಸಿ, ಮೇಲೆ ಶಾಯಿ ಹಚ್ಚಿದರೆ ಜಿಡ್ಡಿದ್ದ ಕಡೆ ಮಾತ್ರ ಶಾಯಿ ಹಿಡಿಯುತ್ತೆ.

1857ರ ದಂಗೆ ಆಗಿ ಹತ್ತು ವರ್ಷಕ್ಕೆ, 1867ರಲ್ಲಿ, ಬ್ರಿಟಿಷ್ ಸರ್ಕಾರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆ ತಂತು. ಅದರ ಮೂರನೇ ಕಲಂ ಹೇಳಿದ್ದು ಇಷ್ಟು: ಅಚ್ಚಾಗುವ ಪ್ರತಿ ಪುಸ್ತಕ, ಪತ್ರಿಕೆಯ ಮೇಲೆ ಮುದ್ರಕರ ಹೆಸರು, ಅಚ್ಚಾದ ಸ್ಥಳ, ಪ್ರಕಾಶಕರ ಹೆಸರು, ಪ್ರಕಟವಾದ ಸ್ಥಳ ಸ್ಪಷ್ಟವಾಗಿ ಇರಬೇಕು. ಪತ್ರಿಕೆ ತರೋರು ಮ್ಯಾಜಿಸ್ಟ್ರೇಟ್ ಮುಂದೆ ನಿಂತು ಘೋಷಣೆ ಕೊಡಬೇಕು. ಇವತ್ತು ಪತ್ರಿಕೆಗಳ ಕೊನೇ ಪುಟದ ಅಡಿಯಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಅಕ್ಷರದಲ್ಲಿ ಒಂದು ಸಾಲು ಇರುತ್ತಲ್ಲ, ಅದರ ಬೇರು ಇಲ್ಲಿದೆ. ಈ ಕಾಯ್ದೆ 150 ವರ್ಷಕ್ಕೂ ಹೆಚ್ಚು ಬಾಳಿತು. ನಿಯತಕಾಲಿಕಗಳಿಗಾಗಿ 2023ರಲ್ಲಿ ಆದ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದು ಅದರ ಜಾಗ ತಗೊಂಡಿತು.

ಒಂದು ಮಾತು ನೇರವಾಗಿ ಹೇಳಬೇಕು. ಈ ಕಾನೂನು ಓದುಗರ ಮೇಲಿನ ಪ್ರೀತಿಗೆ ಹುಟ್ಟಿದ್ದಲ್ಲ. ಯಾರು ಏನು ಬರೀತಾರೆ, ಬೇಕಾದಾಗ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಸರ್ಕಾರಕ್ಕೆ ಗೊತ್ತಿರಲಿ ಅನ್ನೋ ಲೆಕ್ಕಾಚಾರ ಅದರಲ್ಲಿತ್ತು. ಮೈಸೂರು ಸಂಸ್ಥಾನ ಇನ್ನೂ ಬಿಗಿ ಮಾಡಿತು. ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ, 1908ರಲ್ಲಿ ಬಂದ ಪತ್ರಿಕಾ ಶಾಸನದಿಂದ ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸೋದೇ ಕಷ್ಟ ಆಯ್ತು. ಅಂದರೆ ಆ ಚಿಕ್ಕ ಸಾಲು ಓದುಗನಿಗೆ ದೀಪ, ಪ್ರಕಾಶಕನಿಗೆ ಕೆಲವೊಮ್ಮೆ ಬೇಡಿ.

ಹಾರೋಹಳ್ಳಿಯಿಂದ ಹಿಂದೂಪುರಕ್ಕೆ

ಈಗ ನಮ್ಮ ಜಿಲ್ಲೆಗೆ ಬರೋಣ. ರಾಮನಗರ ಜಿಲ್ಲೆ ಅಂತ ಬಾಯಿಗೆ ಬರುತ್ತೆ, 2025ರಿಂದ ಹೆಸರು ಬೆಂಗಳೂರು ದಕ್ಷಿಣ. ಕನಕಪುರ ರಸ್ತೆಯ ಹಾರೋಹಳ್ಳಿಯಲ್ಲಿ 1918ರ ಏಪ್ರಿಲ್ 10ರಂದು ಹುಟ್ಟಿದವರು ಎಚ್.ಎಸ್. ದೊರೆಸ್ವಾಮಿ. 2021ರ ಮೇ 26ರಂದು, 103ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ತಲೆಮಾರಿನವರಿಗೆ ಅವರು ಗೊತ್ತಿರೋದು ಬೆಂಗಳೂರಿನ ಧರಣಿಗಳಲ್ಲಿ ಕೂತಿರುತ್ತಿದ್ದ, ಬಿಳಿ ಖಾದಿಯ ಶತಾಯುಷಿ ಹೋರಾಟಗಾರರಾಗಿ. ಆದರೆ ಅವರು ಪ್ರಕಾಶಕರೂ ಆಗಿದ್ದರು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.

1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸಿಕ್ಕಿಬಿದ್ದು ಜೈಲಿಗೆ ಹೋಗಿ ಬಂದಮೇಲೆ ಅವರು ಮೈಸೂರಿನಲ್ಲಿ ‘ಸಾಹಿತ್ಯ ಮಂದಿರ’ ಅನ್ನೋ ಪುಸ್ತಕ ಸಂಸ್ಥೆ ನಡೆಸಿದರು. ನಮ್ಮ ಭಾಷೆಯಲ್ಲಿ ಜೈಲಿಂದ ಹೊರಬರೋದಕ್ಕೂ ಬಿಡುಗಡೆ ಅಂತಾನೇ ಅಂತೀವಿ, ಪುಸ್ತಕ ಹೊರಬರೋದಕ್ಕೂ ಬಿಡುಗಡೆ ಅಂತಾನೇ ಅಂತೀವಿ. ದೊರೆಸ್ವಾಮಿಯವರ ಬದುಕಲ್ಲಿ ಎರಡೂ ಬಿಡುಗಡೆ ಒಂದರ ಹಿಂದೆ ಒಂದು ಬಂದವು.

ಆಮೇಲೆ ಅವರ ಕೈಗೆ ‘ಪೌರವಾಣಿ’ ಪತ್ರಿಕೆ ಬಂತು. 1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಜನರ ಸರ್ಕಾರ ಬಂದಿರಲಿಲ್ಲ. ಮಹಾರಾಜರು, ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್, ಹಳೇ ಆಡಳಿತ ಹಾಗೇ ಇತ್ತು. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾಯ್ತು. ಪತ್ರಿಕೆಗಳು ಅಚ್ಚಿಗೆ ಕಳಿಸೋ ಮುಂಚೆ ಬರಹಗಳನ್ನು ಸರ್ಕಾರಕ್ಕೆ ತೋರಿಸಬೇಕು ಅಂತ ಅಪ್ಪಣೆ ಆಯ್ತು.

ದೊರೆಸ್ವಾಮಿ ಒಪ್ಪಲಿಲ್ಲ. ಪತ್ರಿಕೆಯನ್ನು ಎತ್ತಿಕೊಂಡು ಹಿಂದೂಪುರಕ್ಕೆ ಹೋದರು. ಭೂಪಟ ನೋಡಿ: ಹಿಂದೂಪುರ ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್. ಕನ್ನಡ ಮಾತಾಡೋ ಜನ ಇರೋ ಊರೇ. ಆದರೆ ಆಗ ಅದು ಅನಂತಪುರ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ಮೈಸೂರಿನ ದಿವಾನರ ಅಧಿಕಾರ ಗಡಿಯ ಈಚೆಗೇ ನಿಂತುಬಿಡುತ್ತೆ. ಅಲ್ಲಿ ಅಚ್ಚು ಹಾಕಿಸಿ ಮೈಸೂರಿನ ಓದುಗರಿಗೆ ಪತ್ರಿಕೆ ಬರುವ ಹಾಗೆ ಮಾಡಿದರು. ಸಂಸ್ಥಾನದ ಸರ್ಕಾರ ಪತ್ರಿಕೆಯನ್ನು ನಿಷೇಧಿಸಿತು. ಚಳವಳಿ ಮಾತ್ರ ನಿಲ್ಲಲಿಲ್ಲ. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಬಂತು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಅಂಶ. ಅದು ಪತ್ರಿಕೆಯ ಹೆಸರು. ‘ಪೌರವಾಣಿ’ ಅಂದರೆ ಪ್ರಜೆಯ ಮಾತು. ಪ್ರಜೆ ತನ್ನ ಮಾತನ್ನು ತನ್ನ ಹೆಸರಲ್ಲೇ ಆಡಬೇಕು.

ಹಾಗಂತ ಹೆಸರು ಮರೆಸೋದೆಲ್ಲ ತಪ್ಪಾ? ಅಲ್ಲ. 1942ರಲ್ಲಿ ಮುಂಬೈಯಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಕಾಂಗ್ರೆಸ್ ರೇಡಿಯೋ ಅಂತ ಗುಪ್ತ ಬಾನುಲಿ ನಡೆಸಿದ್ದರು. ಕೆಲವೇ ತಿಂಗಳು, ಮನೆಯಿಂದ ಮನೆಗೆ ಜಾಗ ಬದಲಾಯಿಸುತ್ತಾ, ಕೊನೆಗೆ ಪೊಲೀಸರ ಕೈಗೆ ಸಿಕ್ಕಿಬೀಳೋವರೆಗೂ. ನಮ್ಮಂಥ ಪಾಡ್‌ಕಾಸ್ಟ್‌ನವರಿಗೆ ಅವರು ಹಿರಿಯಕ್ಕ. ಅವತ್ತು ದೇಶದ ಎಷ್ಟೋ ಊರುಗಳಲ್ಲಿ ಹಂಚಿದ ಗುಪ್ತಪತ್ರಗಳ ಮೇಲೂ ಹೆಸರು ಇರಲಿಲ್ಲ. ಆದರೆ ಅವರು ಯಾರಿಂದ ಮರೆಯಾಗಿದ್ದರು? ಲಾಠಿ, ಜೈಲು ಕೈಯಲ್ಲಿದ್ದ ಸರ್ಕಾರದಿಂದ. ಬಲ ಇಲ್ಲದವರು ಬಲಶಾಲಿಯಿಂದ ಹೆಸರು ಬಚ್ಚಿಡೋದು ಒಂದು. ಹೆಸರಿಲ್ಲದ ಮಾತನ್ನು ಬಲ ಇಲ್ಲದವನ ಮೇಲೆ ಎಸೆಯೋದು ಇನ್ನೊಂದು. ಇದನ್ನು ಮನಸ್ಸಲ್ಲಿ ಇಟ್ಕೊಂಡು ಮುಂದೆ ಕೇಳಿ.

ಕರಪತ್ರದ ಕೊನೇ ಸಾಲು

2024ರ ನವೆಂಬರ್ 13ರಂದು ಚನ್ನಪಟ್ಟಣದಲ್ಲಿ ಉಪಚುನಾವಣೆ ಇತ್ತು. ಅದಕ್ಕೆ ಮುಂಚಿನ ದಿನಗಳಲ್ಲಿ ಮನೆ ಬಾಗಿಲಿಗೆ ಬಂದ ಕರಪತ್ರಗಳನ್ನೆಲ್ಲ ನಾನು ಎತ್ತಿಟ್ಟಿದ್ದೀನಿ. ಪಕ್ಷ ಯಾವುದೇ ಇರಲಿ, ಭರವಸೆ ಏನೇ ಇರಲಿ, ಅಡಿಯಲ್ಲಿ ಒಂದು ಸಾಲು ಇದೆ: ಮುದ್ರಕರು ಯಾರು, ಪ್ರಕಾಶಕರು ಯಾರು.

ಇದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ. ಚುನಾವಣಾ ಕರಪತ್ರ, ಪೋಸ್ಟರ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅಷ್ಟೇ ಅಲ್ಲ. ‘ನಾನೇ ಪ್ರಕಾಶಕ’ ಅಂತ ಸಹಿ ಹಾಕಿದ ಘೋಷಣೆಯನ್ನು ಎರಡು ಪ್ರತಿಯಲ್ಲಿ ಪ್ರೆಸ್‌ನವರಿಗೆ ಕೊಡಬೇಕು. ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು. ಪ್ರೆಸ್‌ನವರು ಆ ಘೋಷಣೆ ಮತ್ತು ಕರಪತ್ರದ ಪ್ರತಿಯನ್ನು ಅಧಿಕಾರಿಗಳಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲ 2000 ರೂಪಾಯಿವರೆಗೆ ದಂಡ, ಇಲ್ಲ ಎರಡೂ.

ನಮ್ಮೂರಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ ಅಚ್ಚು ಹಾಕೋ ಪ್ರೆಸ್ ಅಣ್ಣ ಒಬ್ಬರಿದ್ದಾರೆ. ಮೊಳೆ ಜೋಡಿಸೋ ಕಾಲದಿಂದ ಆಫ್‌ಸೆಟ್‌ವರೆಗೂ ನೋಡಿದವರು. “ಅಣ್ಣ, ಹೆಸರು ಹಾಕದೆ ಅಚ್ಚು ಹಾಕಿ ಕೊಡಿ ಅಂತ ಯಾರೂ ಬರಲ್ವಾ?” ಅಂತ ಕೇಳಿದೆ. ನಕ್ಕರು. “ಬರ್ತಾರೆ ಕಣಪ್ಪ. ದುಡ್ಡು ಡಬಲ್ ಕೊಡ್ತೀವಿ ಅಂತಾರೆ. ನಾನು ಕೇಳೋದು ಇಷ್ಟೇ: ನಿನ್ನ ಹೆಸರು ಹಾಕ್ಕೊಳೋಕೆ ನಿಂಗೇ ಭಯ ಆದ್ರೆ, ಅದನ್ನ ಓದೋನ ಗತಿ ಏನು?”

ಕಾನೂನಿನ ಪುಸ್ತಕದಲ್ಲಿ ಪುಟಗಟ್ಟಲೆ ಇರೋದನ್ನು ಅಣ್ಣ ಒಂದೇ ಮಾತಲ್ಲಿ ಹೇಳಿಬಿಟ್ಟರು.

ಪ್ರಕಾಶಕ ಇಲ್ಲದ ಮಾತು

ಈಗ 2018ಕ್ಕೆ ಬನ್ನಿ. ಮಕ್ಕಳ ಕಳ್ಳರು ಊರೂರು ತಿರುಗುತ್ತಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ವಿಡಿಯೋ, ಆಡಿಯೋ ಹರಿದಾಡಿದ ವರ್ಷ. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಹಾಗೇ ಸತ್ತರು. ಆ ಗೆಳೆಯರ ಗುಂಪಿನವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣ ಆಗಿತ್ತು.

ಆ ಸಂದೇಶಗಳನ್ನು ಲಕ್ಷಾಂತರ ಜನ ನೋಡಿದರು. ತೆಲುಗಿನ ‘ಪ್ರಚುರಣ’ದ ಲೆಕ್ಕದಲ್ಲಿ ಚೆನ್ನಾಗೇ ಹರಡಿದವು. ಇಂಗ್ಲಿಷಿನ ಲೆಕ್ಕದಲ್ಲಿ ಸಾರ್ವಜನಿಕವೂ ಆದವು. ಆದರೆ ಕನ್ನಡದ ಅರ್ಥದಲ್ಲಿ ಅವಕ್ಕೆ ಪ್ರಕಾಶಕರೇ ಇರಲಿಲ್ಲ. ಅಡಿಯಲ್ಲಿ ಆ ಒಂದು ಸಾಲು ಇರಲಿಲ್ಲ. “ಯಾರು ಹೇಳಿದ್ದಪ್ಪಾ?” ಅಂತ ಜಗಲಿ ಮೇಲಿಂದ ಕೇಳೋಕೆ ಎದುರಿಗೆ ಯಾರೂ ಇರಲಿಲ್ಲ. ಫಾರ್ವರ್ಡ್ ಮಾಡಿದ ಪ್ರತಿಯೊಬ್ಬನೂ “ನಂಗೆ ಬಂತು, ಕಳಿಸಿದೆ” ಅಂದ. ಬೆಳಕು ಹಿಡಿದವನೇ ಇಲ್ಲದ ಮೇಲೆ ಅದು ಬೆಳಕಲ್ಲ, ಬೆಂಕಿ.

ಎಲ್ಲರಿಗೂ ನೋಂದಣಿ ಮಾಡಿಸಿ, ಎಲ್ಲರ ವಿಳಾಸ ಸರ್ಕಾರಕ್ಕೆ ಕೊಡಿ ಅಂತ ನಾನು ಹೇಳ್ತಿಲ್ಲ. ಆ ದಾರಿ ಎಲ್ಲಿಗೆ ಹೋಗುತ್ತೆ ಅಂತ 1908ರ ಶಾಸನ, 1947ರ ಅಪ್ಪಣೆ ಎರಡೂ ತೋರಿಸಿವೆ. ನಾನು ಹೇಳ್ತಿರೋದು ನಮ್ಮ ನಮ್ಮಲ್ಲೇ ಇರಬೇಕಾದ ಒಂದು ರೂಢಿ. ಒಂದು ಸಂದೇಶ ಬಂದಾಗ ಅದರ ಕೊನೇ ಸಾಲು ಹುಡುಕಿ. ಇದರ ಪ್ರಕಾಶಕರು ಯಾರು? ಸುಳ್ಳಾದರೆ ಯಾರ ಮನೆ ಬಾಗಿಲಿಗೆ ಹೋಗಿ ಕೇಳಬಹುದು? ಉತ್ತರ ಸಿಗದಿದ್ದರೆ ಅದು ನಿಮ್ಮ ಫೋನಿನಲ್ಲೇ ಉಳಿಯಲಿ. ಮುಂದಕ್ಕೆ ಕಳಿಸಿದಿರೋ, ಆ ಕ್ಷಣಕ್ಕೆ ಪ್ರಕಾಶಕರು ನೀವೇ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕೋಕೆ ಧೈರ್ಯ ಇದೆಯಾ ಅಂತ ಒಮ್ಮೆ ಕೇಳಿಕೊಳ್ಳಿ.

ಕನಕಪುರದ ಕೇಳುಗರೇ, ನಿಮಗೆ ಉತ್ತರ ಇದು. ಈ ಪಾಡ್‌ಕಾಸ್ಟ್ ಬರೆಯೋದು ನಾನು, ಮಾತಾಡೋದು ನಾನು, ಮೈಕಿಗೆ ದುಡ್ಡು ಹಾಕಿದ್ದೂ ನಾನು. ಪ್ರಕಾಶಕನೂ ನಾನೇ. ಪ್ರತಿ ಸಂಚಿಕೆಯ ವಿವರದಲ್ಲಿ ಇನ್ನು ಮುಂದೆ ನನ್ನ ಹೆಸರು, ಊರು, ಇಮೇಲ್ ಇರುತ್ತೆ, ಹೇಳಿದ್ದು ಸರಿ ಇಲ್ಲ ಅನ್ನಿಸಿದರೆ ಬಂದು ಕೇಳಲಿ ಅಂತ.

ಮುಂದಿನ ಸಂಚಿಕೆಯಲ್ಲಿ ‘ಕರಡು’ ಅನ್ನೋ ಪದ ತಗೊಳ್ಳೋಣ.